‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದು ನಮ್ಮ ದೂರು ಮುಚ್ಚಬೇಡಿ

ಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ, ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷ ಆಯಿತು. ಮೊದಲು ಬರೀ ಝೆರಾಕ್ಸ್, ಲ್ಯಾಮಿನೇಷನ್ ಇತ್ತು. ಆಮೇಲೆ ಎಲ್ಲ ಆನ್‌ಲೈನ್ ಆಯಿತು. ಈಗ ನನ್ನ ಅರ್ಧ ದಿನ ಬೇರೆಯವರ ಅರ್ಜಿ, ದೂರು ಟೈಪ್ ಮಾಡುವುದರಲ್ಲೇ ಹೋಗುತ್ತದೆ. ಪಿಂಚಣಿ ನಿಂತವರು ಬರುತ್ತಾರೆ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದವರು ಬರುತ್ತಾರೆ, ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ವರ್ಷಗಟ್ಟಲೆ ಅಲೆದವರು ಬರುತ್ತಾರೆ, ಬೀದಿಯಲ್ಲಿ ದೀಪ ಉರಿಯುತ್ತಿಲ್ಲ ಎಂದು ಹೇಳಲು ಬರುತ್ತಾರೆ.

ಇವರಲ್ಲಿ ಸುಮಾರು ಜನರ ಹತ್ತಿರ ಫೋನ್ ಇಲ್ಲ. ಇದ್ದರೂ ಬಂದ ಒಟಿಪಿ ಓದಲು ಬರುವುದಿಲ್ಲ. ಹಾಗಾಗಿ ನಾನು ನನ್ನ ನಂಬರನ್ನೇ ಹಾಕುತ್ತೇನೆ. ಅದರಿಂದ ಏನಾಗಿದೆ ಅಂದ್ರೆ, ಸುತ್ತಲಿನ ಹಳ್ಳಿಗಳ ಎಷ್ಟೋ ಜನರ ದೂರಿಗೆ ಸರ್ಕಾರ ಕೊಡುವ ಉತ್ತರ ನನ್ನ ಫೋನಿಗೆ ಬಂದು ಬೀಳುತ್ತದೆ. ‘ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಅದನ್ನು ಓದಿ ಹೇಳುವ ಕೆಲಸ ನನ್ನದು. ಸಂತೆ ದಿನ ಅವರು ಅಂಗಡಿಗೆ ಬಂದು ಏನಾಯಿತು ಎಂದು ಕೇಳುತ್ತಾರೆ. ಮುಗಿದಿದೆ ಎಂದು ಬಂದಿದೆ ಅನ್ನುತ್ತೇನೆ. ಕೆಲಸ ಆಗಿಲ್ವಲ್ಲ, ಮತ್ತೆ ಹೇಗೆ ಮುಗೀತು ಅನ್ನುತ್ತಾರೆ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಎಪ್ಪತ್ತು ದಾಟಿದೆ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ರೂಪಾಯಿ ಬರುತ್ತಿತ್ತು, ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಅಂಚೆಯವರನ್ನು ಕೇಳಿದರು, ಬ್ಯಾಂಕಿನಲ್ಲಿ ಕೇಳಿದರು, ಕಚೇರಿಗೆ ಎರಡು ಸಲ ಬಸ್ಸು ಹತ್ತಿ ಬಂದರು. ಕೊನೆಗೆ ನನ್ನ ಅಂಗಡಿಗೆ ಬಂದರು. ದೂರು ಹಾಕಿದೆ, ನಂಬರು ಬಂತು, ಅದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅಜ್ಜಿ ಆ ಚೀಟಿಯನ್ನು ಎಲೆ ಅಡಿಕೆ ಸಂಚಿಯಲ್ಲಿ ಮಡಚಿ ಇಟ್ಟುಕೊಂಡರು. ಇಪ್ಪತ್ತೆರಡು ದಿನಕ್ಕೆ ಮೆಸೇಜು ಬಂತು, ದೂರು ಮುಗಿದಿದೆ ಎಂದು. ಷರಾ, ಅಂದರೆ ಕಚೇರಿಯವರು ಬರೆದ ಟಿಪ್ಪಣಿ, ತೆಗೆದು ನೋಡಿದೆ. ‘ಆಧಾರ್ ಜೋಡಣೆ ಕುರಿತು ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.’ ಅಷ್ಟೇ.

ಅಜ್ಜಿ ಕೇಳಿದರು, “ಮುಗೀತು ಅಂದ್ರೆ ದುಡ್ಡು ಬತ್ತದೇನಪ್ಪ?”

ಮತ್ತೆ ದೂರು ಹಾಕಿದೆವು. ಮತ್ತೆ ಅದೇ ಷರಾ. ಮೂರನೇ ಸಲಕ್ಕೆ ನಾನೇ ಅಂಗಡಿ ಮುಚ್ಚಿ ಅವರನ್ನು ಕರೆದುಕೊಂಡು ಹೋದೆ. ಒಬ್ಬ ಕೇಸ್ ವರ್ಕರ್ ಕಂಪ್ಯೂಟರ್ ನೋಡಿ ಐದೇ ನಿಮಿಷದಲ್ಲಿ ವಿಷಯ ಹೇಳಿದರು. ಅಜ್ಜಿ ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದಿದ್ದರು, ಆಧಾರ್ ಆ ಖಾತೆಗೆ ಜೋಡಣೆಯಾಗಿತ್ತು. ಆಧಾರ್ ಮೂಲಕ ಹೋಗುವ ಹಣ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿರುತ್ತದೋ ಅಲ್ಲಿಗೇ ಹೋಗುತ್ತದೆ. ಹೊಸ ಖಾತೆ ಬಹಳ ದಿನ ಬಳಸದೆ ನಿಷ್ಕ್ರಿಯ ಆಗಿದ್ದರಿಂದ ಹಣ ವಾಪಸ್ ಹೋಗುತ್ತಿತ್ತು. ಬ್ಯಾಂಕಿಗೆ ಹೋಗಿ ಒಂದು ಫಾರಂ ಕೊಟ್ಟರೆ ಆಯಿತು. ಅಷ್ಟೇ ಕೆಲಸ. ನಾಲ್ಕು ತಿಂಗಳು ಹೋಯಿತು. ಮೊದಲನೇ ದೂರಿಗೇ ಯಾರಾದರೂ ಫೋನ್ ಮಾಡಿ ‘ಅಜ್ಜಿಗೆ ಬೇರೆ ಖಾತೆ ಇದೆಯಾ ಕೇಳಿ’ ಎಂದಿದ್ದರೆ ನಾನೇ ಕೇಳುತ್ತಿದ್ದೆ. ಷರಾದಲ್ಲಿ ಒಂದು ಸಾಲು ಸರಿಯಾಗಿ ಬರೆದಿದ್ದರೂ ಸಾಕಿತ್ತು. ಆ ನಾಲ್ಕು ತಿಂಗಳು ಅಜ್ಜಿ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡರು. ಇದನ್ನು ಅವರು ದೂರಿನಲ್ಲಿ ಬರೆಸಿರಲಿಲ್ಲ, ಆಮೇಲೆ ಬಸ್ಸಿನಲ್ಲಿ ಹೇಳಿದರು.

‘ಕೈಗೊಳ್ಳಲಾಗುವುದು’ ಎಂಬ ಮಾತಿನ ಬಗ್ಗೆ ನಾನು ತುಂಬಾ ಯೋಚನೆ ಮಾಡಿದ್ದೇನೆ. ಯಾರು ಕೈಗೊಳ್ಳುತ್ತಾರೆ ಅನ್ನುವುದು ಅದರಲ್ಲಿ ಇಲ್ಲ. ಯಾವತ್ತು ಅನ್ನುವುದೂ ಇಲ್ಲ. ಇನ್ನು ಮುಂದೆ ಆಗಬೇಕಾದ ಕೆಲಸ ಅದು, ಹಾಗಂತ ಅವರೇ ಬರೆದಿದ್ದಾರೆ. ಮುಂದೆ ಆಗಬೇಕಾದದ್ದನ್ನು ಇವತ್ತೇ ಮುಗಿದಿದೆ ಎಂದು ಹೇಗೆ ದಾಖಲೆ ಮಾಡುತ್ತೀರಿ ಸಾರ್? ನನ್ನ ಫೋನಿನಲ್ಲಿ ಇಂಥ ಮೆಸೇಜುಗಳು ಬೇಕಾದಷ್ಟಿವೆ. ‘ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಎಂದು ಮುಗಿದ ದೂರುಗಳಿವೆ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಮುಗಿದವೂ ಇವೆ, ಯಾರ ವ್ಯಾಪ್ತಿ ಎಂದು ಮಾತ್ರ ಬರೆದಿರುವುದಿಲ್ಲ.

ದೂರು ಕೊಡಲು ದಾರಿಗಳು ಕಡಿಮೆ ಇವೆ ಎಂದು ನಾನು ಹೇಳುತ್ತಿಲ್ಲ. 1902ಕ್ಕೆ ಫೋನ್ ಮಾಡಬಹುದು, ಕರೆಂಟಿಗೆ 1912 ಇದೆ, ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಎಂಬ ಆನ್‌ಲೈನ್ ದೂರು ಪೋರ್ಟಲ್ ಇದೆ, ಒಂದೊಂದು ಇಲಾಖೆಗೂ ಒಂದೊಂದು ಆ್ಯಪ್ ಇದೆ. ಫೋನ್ ಎತ್ತುವವರು ಮರ್ಯಾದೆಯಿಂದಲೇ ಮಾತಾಡುತ್ತಾರೆ. ಬಾಗಿಲು ಬೇಕಾದಷ್ಟಿದೆ. ಒಳಗೆ ಹೋದ ದೂರು ಕೊನೆಗೆ ಬಂದು ಸೇರುವುದು ಯಾರ ಮೇಜಿಗೆ ಅನ್ನುವುದರಲ್ಲೇ ತೊಂದರೆ ಇರುವುದು. ಯಾರ ಕೆಲಸ ಆಗಿಲ್ಲ ಎಂದು ನಾವು ದೂರು ಕೊಟ್ಟೆವೋ ಅವರ ಮೇಜಿಗೇ ಅದು ಬರುತ್ತದೆ. ಆಗಿದೆ ಎಂದು ಬರೆಯುವವರೂ ಅವರೇ, ಮುಚ್ಚುವವರೂ ಅವರೇ. ದೂರು ಕೊಟ್ಟವರನ್ನು ಒಂದು ಮಾತು ಕೇಳುವುದಿಲ್ಲ.

ಮೇಲಿನಿಂದ ಒತ್ತಡ ಬರುವುದೂ ದಿನಗಳ ಮೇಲೆ. ಸಿಪಿಗ್ರಾಮ್ಸ್‌ನಲ್ಲಿ ಮೊದಲು 60 ದಿನದ ಗಡುವು ಇತ್ತು, 2020ರಲ್ಲಿ 45 ಆಯಿತು, 2022ರಲ್ಲಿ 30, 2024ರ ಆಗಸ್ಟ್‌ನಲ್ಲಿ 21 ದಿನಕ್ಕೆ ಇಳಿಸಿದರು. ಕೇಳಲು ಚೆನ್ನಾಗಿದೆ. ಆದರೆ ಕೆಲಸ ಮಾಡಲು ಬೇಕಾದ ಜನ, ಹಣ, ಯಂತ್ರ ಮೊದಲಿನಷ್ಟೇ ಇದ್ದು ದಿನ ಮಾತ್ರ ಕಡಿಮೆಯಾದರೆ ಏನಾಗುತ್ತದೆ? ಇಪ್ಪತ್ತನೇ ದಿನ ಒಂದು ಷರಾ ಬರುತ್ತದೆ. ಬಾಕಿ ಎಷ್ಟು ಎಂದು ಮೀಟಿಂಗಿನಲ್ಲಿ ಕೇಳುತ್ತಾರೆ, ಆಗ ಪಟ್ಟಿ ಖಾಲಿ ಇದ್ದರೆ ಸಾಕು. ಒಂದು ಒಳ್ಳೆಯ ಮಾತೂ ಹೇಳಬೇಕು. ಸಿಪಿಗ್ರಾಮ್ಸ್‌ನಲ್ಲಿ ಉತ್ತರ ಸರಿ ಇಲ್ಲ ಅನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದರೆ ನನ್ನ ಅಂಗಡಿಗೆ ಬರುವವರಿಗೆ ಅದು ಗೊತ್ತಿಲ್ಲ, ನನಗೇ ಗೊತ್ತಾದದ್ದು ಬಹಳ ತಡವಾಗಿ.

ಈಗ ನನ್ನದೇ ದೂರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಯ ಹಿಂದೆ ಒಂದು ಓಣಿ ಇದೆ, ಆ ಕಡೆಗೆ ಪ್ರಾಥಮಿಕ ಶಾಲೆ. ಓಣಿಯ ಮಧ್ಯದಲ್ಲಿ ಯುಜಿಡಿ, ಅಂದರೆ ಒಳಚರಂಡಿಯ ಮ್ಯಾನ್‌ಹೋಲ್. ಎರಡು ಮಳೆಗಾಲದಿಂದ ಅದು ಉಕ್ಕುತ್ತಿದೆ. ಮಕ್ಕಳು ಗೋಡೆ ಬದಿಯ ಕಲ್ಲುಗಳ ಮೇಲೆ ಕಾಲಿಟ್ಟು ದಾಟುತ್ತಾರೆ, ಚಿಕ್ಕವರನ್ನು ದೊಡ್ಡವರು ಎತ್ತಿಕೊಂಡು ದಾಟಿಸುತ್ತಾರೆ. ಅಲ್ಲೇ ಕುಡಿಯುವ ನೀರಿನ ಪೈಪೂ ಹೋಗಿದೆ. ಬೆಳಿಗ್ಗೆ ನಲ್ಲಿ ಬಿಟ್ಟ ಕೂಡಲೇ ಬರುವ ಮೊದಲ ಎರಡು ಬಿಂದಿಗೆ ನೀರನ್ನು ಯಾರೂ ಕುಡಿಯುವುದಿಲ್ಲ, ಅಷ್ಟು ವಾಸನೆ.

ನಾಲ್ಕು ಸಲ ದೂರು ಕೊಟ್ಟೆ, ನಾಲ್ಕು ಸಲವೂ ಮುಚ್ಚಿದರು. ಒಂದು ಸಲ ‘ಸ್ವಚ್ಛಗೊಳಿಸಲಾಗಿದೆ’ ಎಂದು ಫೋಟೋ ಸಮೇತ ಮುಚ್ಚಿದ್ದರು. ಆ ಫೋಟೋ ನನಗೆ ಕಾಣುವ ಹಾಗೆ ಇರಲಿಲ್ಲ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಫೋಟೋ ಬಂತು. ಅದು ನಮ್ಮ ಓಣಿ ಅಲ್ಲವೇ ಅಲ್ಲ. ನಮ್ಮ ಓಣಿಯಲ್ಲಿ ಕಾಂಕ್ರೀಟ್ ಇಲ್ಲ, ಫೋಟೋದಲ್ಲಿ ಕಾಂಕ್ರೀಟ್ ರಸ್ತೆ ಇತ್ತು, ಪಕ್ಕದಲ್ಲಿ ಒಂದು ಹಸಿರು ಗೇಟು. ಆ ಗೇಟು ಎಲ್ಲಿದೆ ಅನ್ನುವುದೂ ನನಗೆ ಗೊತ್ತು, ಊರಿನ ಇನ್ನೊಂದು ತುದಿಯಲ್ಲಿದೆ.

ಸಿಟ್ಟು ಬಂತು. ಮೇಲಿನ ಒಬ್ಬ ಅಧಿಕಾರಿಗೆ ಫೋನ್ ಮಾಡಿ ಜೋರಾಗಿಯೇ ಮಾತಾಡಿದೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಇಬ್ಬರು ಬಂದರು. ಯಂತ್ರ ಇರಲಿಲ್ಲ. ಒಬ್ಬ ಹುಡುಗ ಅಂಗಿ ಬಿಚ್ಚಿ ಮಡಚಿ ಕಟ್ಟೆಯ ಮೇಲೆ ಇಡುತ್ತಿದ್ದ. ಇಳಿಯಲು ಬಂದಿದ್ದ. ನಾನು ಓಡಿಹೋಗಿ ತಡೆದೆ. ಮನುಷ್ಯರನ್ನು ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. “ಕಂಪ್ಲೇಂಟ್ ಕ್ಲೋಸ್ ಆಗ್ಬೇಕಂತೆ ಅಣ್ಣ, ಸಾಹೇಬ್ರು ಹೇಳವ್ರೆ” ಅಂದ ಆ ಹುಡುಗ. ನನ್ನ ಕಂಪ್ಲೇಂಟ್ ಅದು ಸಾರ್. ನಾನು ಜೋರಾಗಿ ಮಾತಾಡಿದ್ದಕ್ಕೆ ಅವನು ಇಳಿಯಲು ಬಂದಿದ್ದ. ಅವನಿಗೆ ಏನಾದರೂ ಆಗಿದ್ದರೆ ನಾನು ಜೀವಮಾನವೆಲ್ಲ ಏನು ಮಾಡುತ್ತಿದ್ದೆ? ಆವತ್ತಿನಿಂದ ದೂರು ಟೈಪ್ ಮಾಡುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತೇನೆ, ‘ದಯವಿಟ್ಟು ಯಂತ್ರದಿಂದಲೇ ಸ್ವಚ್ಛ ಮಾಡಿಸಿ, ತಡವಾದರೂ ಪರವಾಗಿಲ್ಲ’ ಎಂದು.

ಎರಡು ದಿನ ಬಿಟ್ಟು ಜಿಲ್ಲಾ ಕೇಂದ್ರದಿಂದ ಜೆಟ್ಟಿಂಗ್ ಮಷಿನ್ ಬಂತು, ಜೋರಾಗಿ ನೀರು ಬಿಟ್ಟು ಕಟ್ಟಿಕೊಂಡ ಪೈಪು ಬಿಡಿಸುವ ಯಂತ್ರ. ಜೊತೆಗೆ ಬಂದಿದ್ದ ಜೂನಿಯರ್ ಇಂಜಿನಿಯರ್ ಟೀ ಕುಡಿಯುತ್ತಾ ನನಗೆ ನಿಜ ಹೇಳಿದರು. ಓಣಿಯ ಕೆಳಗಿನ ಪೈಪು ಹಳೆಯದು, ಸಣ್ಣದು, ಒಂದು ಕಡೆ ಕುಸಿದಿದೆ. ಎಷ್ಟು ಸಲ ಮಷಿನ್ ತಂದರೂ ಒಂದು ತಿಂಗಳು ತಡೆಯುತ್ತದೆ, ಮತ್ತೆ ಉಕ್ಕುತ್ತದೆ. ಅಗೆದು ಹೊಸ ಪೈಪ್ ಹಾಕಬೇಕು, ಎಸ್ಟಿಮೇಟ್ ಕಳಿಸಿ ಎಂಟು ತಿಂಗಳಾಗಿದೆ, ಹಣ ಮಂಜೂರಾಗಿಲ್ಲ. ನನಗೆ ಆವತ್ತು ಮೊದಲ ಸಲ ಸಮಾಧಾನ ಆಯಿತು. ಕೆಲಸ ಆಗಿದ್ದಕ್ಕಲ್ಲ, ನಿಜ ಗೊತ್ತಾಗಿದ್ದಕ್ಕೆ. “ಇದನ್ನೇ ಷರಾದಲ್ಲಿ ಬರೆಯಬಹುದಿತ್ತಲ್ಲ ಸಾರ್” ಅಂದೆ. ಹಾಗೆ ಬರೆದರೆ ದೂರು ಬಾಕಿ ಎಂದು ತೋರಿಸುತ್ತದೆ, ಬಾಕಿ ತೋರಿಸಿದರೆ ನೋಟಿಸ್ ಬರುತ್ತದೆ, ಅದಕ್ಕೇ ಬರೆಯುವುದಿಲ್ಲ ಅಂದರು.

ನೋಡಿ, ಎಲ್ಲ ಇಲ್ಲೇ ಇದೆ. ನಿಜ ಬರೆದವರಿಗೆ ನೋಟಿಸ್, ಸುಳ್ಳು ಫೋಟೋ ಹಾಕಿದವರಿಗೆ ಖಾಲಿ ಪಟ್ಟಿ. ಅಧಿಕಾರಿಗಳೆಲ್ಲ ಕೆಟ್ಟವರು ಎಂದು ನಾನು ನಂಬುವುದಿಲ್ಲ. ಅವರ ಕಷ್ಟವನ್ನೂ ದಿನಾ ನೋಡುತ್ತೇನೆ, ಅವರೂ ನನ್ನ ಅಂಗಡಿಗೇ ಝೆರಾಕ್ಸ್ ಮಾಡಿಸಲು ಬರುತ್ತಾರೆ. ಒಬ್ಬರಿಗೆ ಎರಡು ಮೂರು ಕಡೆ ಪ್ರಭಾರ ಇರುತ್ತದೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಾಗ ಮೊಬೈಲ್ ಆ್ಯಪ್‌ಗಳ ಕೆಲಸದ ಹೊರೆಯೇ ಅವರ ಒಂದು ದೊಡ್ಡ ದೂರಾಗಿತ್ತು. ಅವರ ದೂರೂ ನಮ್ಮ ದೂರಿನ ಹಾಗೇ ಇತ್ತು, ಹೇಳಿದ್ದನ್ನು ಯಾರೂ ಕೇಳುತ್ತಿಲ್ಲ ಎಂದು.

ನಮ್ಮ ರಾಜ್ಯಕ್ಕೆ ಇದನ್ನು ಸರಿ ಮಾಡಲು ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಲೇಬೇಕು ಅನ್ನುವ ಸಕಾಲ ಯೋಜನೆ ಬಂದ ದಿನಗಳು ನೆನಪಿವೆ. ಕಾಯ್ದೆ 2011ರದ್ದು, ರಾಜ್ಯಕ್ಕೆಲ್ಲ ಬಂದದ್ದು 2012ರ ಏಪ್ರಿಲ್‌ನಲ್ಲಿ. ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಎಂದು ಬೋರ್ಡ್ ಹಾಕಿದ್ದರು. ಅರ್ಜಿ ಕೊಟ್ಟರೆ 15 ಅಂಕಿಯ ನಂಬರ್, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯ ಸಂಬಳದಿಂದ. ಹಣ ಸಣ್ಣದು, ಆದರೆ ಜನರಿಗೆ ಬಂದ ಧೈರ್ಯ ಸಣ್ಣದಲ್ಲ. ಕೌಂಟರಿನ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದವರು ‘ಸಕಾಲ ನಂಬರ್ ಕೊಡಿ’ ಎಂದು ಕೇಳಲು ಕಲಿತರು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಈಗ ನಿಜವಾಗಿ ಬೇಗ ಸಿಗುತ್ತವೆ. ಗಡುವಿನ ಕೊನೇ ದಿನ ಏನೋ ಒಂದು ಕಾರಣಕ್ಕೆ ಅರ್ಜಿ ತಿರಸ್ಕಾರ ಆಗುವುದನ್ನೂ ನೋಡಿದ್ದೇನೆ, ಅದು ಬೇರೆ ಮಾತು.

ಆದರೆ ಸಕಾಲ ಇರುವುದು ಸೇವೆಗೆ. ಪ್ರಮಾಣಪತ್ರ ಕೇಳಿದರೆ ಹಕ್ಕು ಇದೆ. ಚರಂಡಿ ಉಕ್ಕುತ್ತಿದೆ ಎಂದು ದೂರು ಕೊಟ್ಟರೆ ಅಂಥ ಹಕ್ಕಿನ ಬಲ ಇಲ್ಲ. ಸೇವೆ ಮತ್ತು ದೂರು ಎರಡಕ್ಕೂ ಕಾಲಮಿತಿ ಇರಬೇಕು ಎಂದು 2011ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡಿಸಿದ್ದರು. 2014ರಲ್ಲಿ ಆ ಲೋಕಸಭೆ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ರಾಜಸ್ಥಾನ 2012ರಲ್ಲೇ ಅಹವಾಲು ಕೇಳಿಸಿಕೊಳ್ಳುವ ಹಕ್ಕಿಗೆ ಕಾಯ್ದೆ ಮಾಡಿತು. ಬಿಹಾರ 2015ರಲ್ಲಿ ಮಾಡಿ 2016ರ ಜೂನ್ 5ರಿಂದ ಜಾರಿಗೆ ತಂದಿತು.

ಬಿಹಾರದ್ದನ್ನು ನೀವು ಒಮ್ಮೆ ತರಿಸಿ ನೋಡಬೇಕು ಎಂದು ನನ್ನ ವಿನಂತಿ. ಅಲ್ಲಿ ದೂರು ಕೇಳಲೆಂದೇ ಬೇರೆ ಅಧಿಕಾರಿ ಇದ್ದಾರೆ. ಅವರು ದಿನ ಕೊಟ್ಟು ದೂರು ಕೊಟ್ಟವರನ್ನೂ ಕೆಲಸ ಮಾಡಬೇಕಾದ ಅಧಿಕಾರಿಯನ್ನೂ ಎದುರುಬದುರು ಕೂರಿಸಿ ಕೇಳುತ್ತಾರೆ. 60 ಕೆಲಸದ ದಿನಗಳೊಳಗೆ ಲಿಖಿತ ಆದೇಶ ಕೊಡಬೇಕು. ಒಪ್ಪಿಗೆ ಆಗದಿದ್ದರೆ ಮೇಲ್ಮನವಿ. ತಪ್ಪಿದ ಅಧಿಕಾರಿಗೆ ದಂಡ. ಅಲ್ಲೂ ಎಲ್ಲ ಸರಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ಒಬ್ಬ ಅಜ್ಜಿ ಎದುರಿಗೆ ಕೂತಿರುವಾಗ ‘ಕೈಗೊಳ್ಳಲಾಗುವುದು’ ಎಂದು ಹೇಳಿ ಎದ್ದುಹೋಗುವುದು ಕಷ್ಟ, ಅಲ್ವಾ? “ಯಾವಾಗಪ್ಪ?” ಎಂದು ಅವರು ಕೇಳಿಯೇ ಕೇಳುತ್ತಾರೆ.

ಎದುರು ಕೂರಿಸಿ ಕೇಳುವುದು ನಮಗೆ ಹೊಸದೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ದಸರಾ ಹೊತ್ತಿಗೆ 144 ಜನ ಸೇರಿದರು. ಆಮೇಲೆ ವರ್ಷ ವರ್ಷವೂ ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಅಹವಾಲುಗಳನ್ನು ಹೇಳುತ್ತಿದ್ದರು, ದಿವಾನರ ಕಡೆಯಿಂದ ಉತ್ತರ ಬರುತ್ತಿತ್ತು, ಅದು ಅಚ್ಚೂ ಆಗುತ್ತಿತ್ತು. ಅಲ್ಲಿ ಬಡವರು ಕೂತಿರಲಿಲ್ಲ, ಭೂಮಿ ಇದ್ದವರು, ವ್ಯಾಪಾರಸ್ಥರು ಇದ್ದರು, ಅದು ನಿಜ. ಆದರೂ ಕೇಳಿದ ಪ್ರಶ್ನೆಗೆ ಒಬ್ಬರು ಎದುರು ನಿಂತು ಉತ್ತರ ಕೊಡುತ್ತಿದ್ದರು.

2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಗಳು ಗೃಹ ಕಚೇರಿ ಕೃಷ್ಣಾದಲ್ಲಿ ಜನತಾ ದರ್ಶನ ಮಾಡಿದರು, 2024ರ ಫೆಬ್ರವರಿಯಲ್ಲಿ ವಿಧಾನಸೌಧದ ಮುಂದೆ ಜನಸ್ಪಂದನ ಮಾಡಿದರು. ರಾಜ್ಯದ ಮೂಲೆ ಮೂಲೆಯಿಂದ ಜನ ರಾತ್ರಿ ಬಸ್ಸಿನಲ್ಲಿ ಕೂತು ಬಂದಿದ್ದರು. ನಮ್ಮ ಕಡೆಯಿಂದಲೂ ಹೋಗಿದ್ದರು, ಅವರ ಅರ್ಜಿಗಳನ್ನು ನಾನೇ ಟೈಪ್ ಮಾಡಿಕೊಟ್ಟೆ. ಅದರಲ್ಲಿ ಒಂದೂ ಮುಖ್ಯಮಂತ್ರಿಗಳ ಮಟ್ಟದ ವಿಷಯ ಆಗಿರಲಿಲ್ಲ. ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಪಿಂಚಣಿ, ಹೊಲಕ್ಕೆ ಹೋಗುವ ದಾರಿ. ಎಲ್ಲ ನಮ್ಮ ಊರಿನಲ್ಲೇ, ಐವತ್ತು ಹೆಜ್ಜೆ ದೂರದ ಕಚೇರಿಯಲ್ಲೇ ಆಗಬೇಕಾದವು.

ಹಾಗಾಗಿ ನಾನು ಕೇಳುವುದು ಜಾಸ್ತಿ ಇಲ್ಲ. ದೂರು ಕೊಟ್ಟವರು ಆಯಿತು ಎಂದು ಹೇಳುವ ತನಕ ದೂರು ಮುಚ್ಚಬಾರದು. ಅವರಿಗೆ ಫೋನ್ ಇಲ್ಲದಿದ್ದರೆ ಒಬ್ಬರು ಹೋಗಿ ಕೇಳಲಿ, ಅಥವಾ ಪಂಚಾಯಿತಿಯಲ್ಲಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಲಿ. ದೂರು ಯಾರ ಮೇಲೋ, ಮುಚ್ಚುವ ಅಧಿಕಾರ ಅವರ ಕೈಯಲ್ಲಿ ಬೇಡ. ಆಗದ ಕೆಲಸಕ್ಕೆ ಆಗಿಲ್ಲ ಎಂದು ಬರೆಯಲು ಅಧಿಕಾರಿಗಳಿಗೂ ಜಾಗ ಕೊಡಿ. ‘ಹಣ ಮಂಜೂರಾಗಿಲ್ಲ, ಕಡತ ಇಂಥ ಕಚೇರಿಯಲ್ಲಿದೆ’ ಎಂದು ಬರೆದವರಿಗೆ ನೋಟಿಸ್ ಕೊಡಬೇಡಿ, ಆ ಕಡತ ಯಾರ ಹತ್ತಿರ ಕೂತಿದೆಯೋ ಅವರನ್ನು ಕೇಳಿ. ತಿಂಗಳಿಗೊಂದು ಸಲ ತಾಲ್ಲೂಕಿನಲ್ಲಿ ಸಂತೆ ದಿನವೇ ಎರಡೂ ಕಡೆಯವರನ್ನು ಕೂರಿಸಿ ಕೇಳಿ. ಸಂತೆ ದಿನ ಅಂದರೆ ಜನ ಹೇಗೂ ಬಂದಿರುತ್ತಾರೆ, ಬೇರೆ ಬಸ್ ಚಾರ್ಜ್ ಬೇಡ, ಕೂಲಿ ಬಿಡುವುದೂ ಬೇಡ. ಮತ್ತೆ ಷರಾವನ್ನು ಓದಿದರೆ ಅರ್ಥವಾಗುವ ಕನ್ನಡದಲ್ಲಿ ಬರೆಸಿ, ಯಾರು ಮಾಡುತ್ತಾರೆ, ಯಾವತ್ತು ಮಾಡುತ್ತಾರೆ ಅನ್ನುವುದು ಅದರಲ್ಲಿ ಇರಲಿ. ಇವಕ್ಕೆ ಕಾಯ್ದೆಯ ಬಲವೂ ಬೇಕು, ಸಕಾಲಕ್ಕೆ ಕೊಟ್ಟ ಹಾಗೆ.

ಈ ಪತ್ರದ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಕಳಿಸುತ್ತಿದ್ದೇನೆ. ಜೊತೆಗೆ ನನ್ನ ನಾಲ್ಕು ದೂರಿನ ನಂಬರುಗಳು, ಆ ಹಸಿರು ಗೇಟಿನ ಫೋಟೋ, ನಮ್ಮ ಓಣಿಯ ಫೋಟೋ ಇಟ್ಟಿದ್ದೇನೆ. ಬೇರೆಯವರ ದೂರಿನ ವಿವರ ಅವರ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ, ನೀವು ಕೇಳಿದರೆ ಅವರನ್ನು ಕೇಳಿ ಕಳಿಸುತ್ತೇನೆ. ಅಜ್ಜಿಗೆ ಈಗ ಹಣ ಬರುತ್ತಿದೆ. ನಿಂತುಹೋಗಿದ್ದ ನಾಲ್ಕು ತಿಂಗಳ ಹಣ ಇನ್ನೂ ಬಂದಿಲ್ಲ, ಅದಕ್ಕೆ ಹಾಕಿದ ದೂರು ಹೋದ ಗುರುವಾರ ಮುಕ್ತಾಯವಾಗಿದೆ ಎಂದು ನನ್ನ ಫೋನಿಗೆ ಮೆಸೇಜ್ ಬಂದಿದೆ. ನಾಳೆ ಸಂತೆ. ಅವರು ಬರುತ್ತಾರೆ, ನಾನು ಅದನ್ನು ಓದಿ ಹೇಳಬೇಕು.

ಇಂತಿ,
ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯವನು